ನೂರಿಪ್ಪತ್ತು ಎಣಿಸುವ ತನಕ

ನಮ್ಮ ಮನೆಯಲ್ಲಿ ಎರಡು ಒಲೆ ಉರಿಯುತ್ತಿದ್ದವು. ಶಹಾಪುರದ ಗುಡ್ಡದ ಬುಡಕ್ಕೆ ಹತ್ತಿಕೊಂಡ ಓಣಿಯಲ್ಲಿ ಕಲ್ಲು ಗೋಡೆಯ, ಮಣ್ಣು ಮಾಳಿಗೆಯ ಮನೆ ಅದು. ನಡುವೆ ಉದ್ದನೆಯ ಪಡಸಾಲೆ. ಬಲಕ್ಕೆ ಅವ್ವನ ಅಡುಗೆಮನೆ, ಎಡಕ್ಕೆ ಚಿಗವ್ವನದು. ಎರಡೂ ಕಡೆ ಒಂದೇ ಅಳತೆಯ ಒಲೆ, ಒಂದೇ ಅಳತೆಯ ಕಿಟಕಿ. ಅಪ್ಪ ಮಾತ್ರ ಒಬ್ಬನೇ ಇದ್ದ. ದನದ ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದ ಅವನು ಸಂಜೆ ಸೈಕಲ್ಲನ್ನು ಅಂಗಳದಲ್ಲಿ ನಿಲ್ಲಿಸಿ, ಕೈಕಾಲು ತೊಳೆದು ಯಾವ ಕಡೆ ತಿರುಗುತ್ತಾನೆ ಎಂಬುದು ಪಾಳಿಯ ಮೇಲಿತ್ತು. ಸೋಮವಾರದಿಂದ ಬುಧವಾರ ಅವ್ವನ ಕಡೆ ಊಟ, ಗುರುವಾರದಿಂದ ಶನಿವಾರ ಚಿಗವ್ವನ ಕಡೆ. ಉಳಿದ ಐತವಾರ ಯಾರದೂ ಅಲ್ಲ. ಅಂದು ಇಬ್ಬರೂ ಅಡುಗೆ ಮಾಡಿ, ಇಬ್ಬರೂ ಬಡಿಸಿ, ಅಪ್ಪ ಎರಡೂ ಕಡೆಯ ಪಲ್ಯವನ್ನು ಸಮನಾಗಿ ತಿಂದು, ಯಾವುದನ್ನೂ ರುಚಿಯಾಗಿದೆ ಎನ್ನದೆ ಏಳುತ್ತಿದ್ದ. ಅವ್ವ ಚಿಗವ್ವನ ಅಡುಗೆಮನೆಯ ಹೊಸ್ತಿಲು ದಾಟಿದ್ದನ್ನಾಗಲಿ, ಚಿಗವ್ವ ಅವ್ವನದನ್ನು ದಾಟಿದ್ದನ್ನಾಗಲಿ ನಾನು ನೋಡಿರಲಿಲ್ಲ. ಬೆಂಕಿ ಬೇಕಾದರೂ ಪಕ್ಕದ ಮನೆಯಿಂದ ತರುತ್ತಿದ್ದರು.

ಚಿಗವ್ವ ಬಂದದ್ದು ನಾನು ತೊಟ್ಟಿಲಲ್ಲಿದ್ದಾಗ. ನನ್ನನ್ನು ಹೆತ್ತು ಅವ್ವ ಉಳಿದದ್ದೇ ಹೆಚ್ಚೆಂದೂ, ಇನ್ನು ಆಕೆಗೆ ಮಕ್ಕಳಾಗುವುದಿಲ್ಲವೆಂದೂ ಯಾದಗಿರಿಯ ಡಾಕ್ಟರು ಹೇಳಿದ ಮೇಲೆ ಅಜ್ಜಿ ಒಂದು ವರ್ಷವೂ ತಡೆಯಲಿಲ್ಲ. ಸುರಪುರಕ್ಕೆ ಹೋಗಿ, ಎತ್ತರದ, ಬಾಯಿ ತುಂಬ ನಗುವ ಒಬ್ಬ ಹುಡುಗಿಯನ್ನು ಅಪ್ಪನಿಗೆ ಗೊತ್ತುಮಾಡಿ ಬಂದಳು. ಅಜ್ಜಿಗೆ ಬೇಕಾಗಿದ್ದ ಗಂಡುಮಗು ಆಕೆಗೂ ಹುಟ್ಟಲಿಲ್ಲ. ನನಗಿಂತ ಎರಡು ವರ್ಷ ಚಿಕ್ಕವಳು ನೀಲಾ ಹುಟ್ಟಿದಳು. ಆಮೇಲೆ ಅಜ್ಜಿ ತೀರಿಕೊಂಡಳು, ಒಲೆ ಎರಡಾಗಿಯೇ ಉಳಿದವು. ಅವ್ವ ಚಿಗವ್ವನನ್ನು ಹೆಸರು ಹಿಡಿದು ಕರೆದದ್ದಿಲ್ಲ, ‘ಸುರಪುರದಾಕಿ’ ಅನ್ನುತ್ತಿದ್ದಳು. ಚಿಗವ್ವ ಮಾತ್ರ ‘ಅಕ್ಕ’ ಎಂದೇ ಕರೆಯುತ್ತಿದ್ದಳು. ಅದು ಕೂಡ ಅವ್ವನಿಗೆ ಸಿಟ್ಟು ಬರಿಸುತ್ತಿತ್ತು.

ಹೊಟ್ಟೆಕಿಚ್ಚು ನನಗೆ ತಾನಾಗಿ ಬರಲಿಲ್ಲ, ಕಲಿಸಿದ್ದರಿಂದ ಬಂತು. ಗುರುವಾರ ಸಂಜೆಯಾದರೆ ಅವ್ವ ರೊಟ್ಟಿ ತಟ್ಟುವುದನ್ನು ನಿಲ್ಲಿಸಿ ನನ್ನನ್ನು ಕರೆಯುತ್ತಿದ್ದಳು.

“ಶರಣಿ, ಹೋಗಿ ನೋಡ್ಬಾ. ಆಕಿ ಒಲಿ ಮ್ಯಾಲ ಏನಿಟ್ಟಾಳ?”

ನಾನು ಪಡಸಾಲೆಯಲ್ಲಿ ಆಡುವವಳ ಹಾಗೆ ಅತ್ತ ಸುಳಿದು, ಪುಂಡಿಪಲ್ಯವೋ ಎಣ್ಣೆಗಾಯಿಯೋ ವಾಸನೆಯಲ್ಲೇ ಹಿಡಿದು ಬಂದು ಹೇಳುತ್ತಿದ್ದೆ. ಅಪ್ಪ ಎಷ್ಟು ರೊಟ್ಟಿ ತಿಂದ, ಮತ್ತೊಮ್ಮೆ ಪಲ್ಯ ಬಡಿಸಿಕೊಂಡನೇ, ತಿನ್ನುವಾಗ ಏನು ಮಾತಾಡಿದ, ಎಲ್ಲ ಹೇಳಬೇಕಾಗಿತ್ತು. ಚಿಗವ್ವನಿಗೂ ನಾನು ಯಾಕೆ ಬರುತ್ತೇನೆಂಬುದು ಗೊತ್ತಿತ್ತು. ಗೊತ್ತಿದ್ದೂ ನನ್ನ ಕೈಗೆ ಬೆಲ್ಲ ಶೇಂಗಾ ಹಾಕಿ ಕಳಿಸುತ್ತಿದ್ದಳು. ಅದನ್ನು ನಾನು ಪಡಸಾಲೆಯಲ್ಲೇ ತಿಂದು, ಬಾಯಿ ಒರೆಸಿಕೊಂಡು ಅವ್ವನ ಹತ್ತಿರ ಹೋಗುತ್ತಿದ್ದೆ. ನೀಲಾ ಮತ್ತು ನಾನು ಒಂದೇ ಕೌದಿಯಲ್ಲಿ ಮಲಗುತ್ತಿದ್ದೆವು, ಒಂದೇ ಶಾಲೆಗೆ ಹೋಗುತ್ತಿದ್ದೆವು, ದಾರಿಯಲ್ಲಿ ಕೈ ಹಿಡಿದುಕೊಳ್ಳುತ್ತಿದ್ದೆವು. ಮನೆಯ ಬಾಗಿಲು ಬಂದಕೂಡಲೇ ಕೈ ಬಿಡುತ್ತಿದ್ದೆವು. ಇದನ್ನು ನಮಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ನಾನು ಏಳನೆಯ ಇಯತ್ತೆಯಲ್ಲಿದ್ದ ವರ್ಷ ನಮ್ಮ ಶಾಲೆಗೆ ಗುರುಮಠಕಲ್ ಕಡೆಯ ಒಬ್ಬ ಸರ್ ಬಂದರು. ವಿಜ್ಞಾನ ಕಲಿಸುತ್ತಿದ್ದರು. ಸಿಟ್ಟು ಬಂದರೂ ಖುಷಿಯಾದರೂ ಅವರ ಬಾಯಲ್ಲಿ ತೆಲುಗು ಬರುತ್ತಿತ್ತು. ಅಪ್ಪನಿಗೂ ಅವರಿಗೂ ಸ್ನೇಹವಾಗಿ ಐತವಾರದ ಹೊತ್ತು ನಮ್ಮ ಪಡಸಾಲೆಗೆ ಬಂದು ಕೂರುತ್ತಿದ್ದರು. ಒಂದು ಐತವಾರ ಪಡಸಾಲೆಯ ಬಾಗಿಲು ಕಿಟಕಿಗಳನ್ನೆಲ್ಲ ಮುಚ್ಚಿಸಿ, ಬಾಗಿಲ ಹಲಗೆಯಲ್ಲಿದ್ದ ಒಂದು ಸಣ್ಣ ತೂತನ್ನು ಬಿಟ್ಟು ಉಳಿದ ಸಂದುಗಳಿಗೆಲ್ಲ ಅರಿವೆ ತುರುಕಿಸಿದರು. ಕಣ್ಣು ಕತ್ತಲೆಗೆ ಒಗ್ಗುತ್ತಿದ್ದಂತೆ ಎದುರಿನ ಸುಣ್ಣದ ಗೋಡೆಯ ಮೇಲೆ ನಮ್ಮ ಓಣಿ ಮೂಡಿತು. ಎದುರು ಮನೆಯ ಕಟ್ಟೆ, ಬೇವಿನ ಗಿಡ, ಗಿಡದ ಕೆಳಗೆ ನಿಂತ ಎಮ್ಮೆ, ಎಲ್ಲ ತಲೆಕೆಳಗು. ಅಷ್ಟರಲ್ಲಿ ನೀರಿಗೆ ಹೋಗಿದ್ದ ಚಿಗವ್ವ ಕೊಡ ಹೊತ್ತು ಬಂದಳು. ಗೋಡೆಯ ಮೇಲೆ ಆಕೆ ಕಾಲು ಮೇಲೆ ಮಾಡಿ, ಕೊಡ ಕೆಳಗೆ ಮಾಡಿ ನಡೆದಳು. ಒಂದು ಹನಿಯೂ ಚೆಲ್ಲಲಿಲ್ಲ. ಅವ್ವ ಸೆರಗು ಬಾಯಿಗೆ ಅಡ್ಡ ಹಿಡಿದುಕೊಂಡು ಜೋರಾಗಿ ನಕ್ಕಳು.

“ನೋಡ್ರಿ, ಸುರಪುರದಾಕಿ ತಲಿಕೆಳಗ ಆಗ್ಯಾಳ!”

ಅಪ್ಪ ನಗಲಿಲ್ಲ. ಅವನು ಬಾಯಿ ತೆರೆದು ನೋಡುತ್ತಿದ್ದ. ಅವನು ಹಾಗೆ ನೋಡುತ್ತಿದ್ದದ್ದು ತೂತಿನ ವಿಚಿತ್ರವನ್ನೋ ಚಿಗವ್ವನನ್ನೋ ನನಗೆ ತಿಳಿಯಲಿಲ್ಲ. ಅವ್ವನಿಗೆ ತಿಳಿಯಿತೆಂದು ಕಾಣುತ್ತದೆ. ನಗು ನಿಂತಿತು.

ಈ ತೂತಿನ ಬೆಳಕನ್ನೇ ಡಬ್ಬಿಯೊಳಗೆ ಹಿಡಿದರೆ ಫೋಟೊ ಆಗುತ್ತದೆಂದು ಸರ್ ಹೇಳಿದರು. ಮುಂದಿನ ವಾರದಿಂದ ನಾನು ಮತ್ತು ನೀಲಾ ಕ್ಯಾಮೆರಾ ಮಾಡುವುದಕ್ಕೆ ಕುಳಿತೆವು. ಒಂದೇ ಡಬ್ಬಿ ಸಾಕಿತ್ತು, ಆದರೆ ನಮ್ಮ ಮನೆಯಲ್ಲಿ ಯಾವುದೂ ಒಂದು ಇರುವಂತಿರಲಿಲ್ಲ. ನೀಲಾ ಚಿಗವ್ವನ ಚಹಾಪುಡಿ ಡಬ್ಬಿ ತಂದಳು, ನಾನು ಅವ್ವನ ಡಾಲ್ಡಾ ಡಬ್ಬಿ ತಂದೆ. ಒಳಗೆ ಬೆಳಕು ಚದುರಬಾರದೆಂದು ಹಂಚಿನ ಮಸಿಯನ್ನು ಗೋಂದಿನಲ್ಲಿ ಕಲಸಿ ಬಳಿದೆವು. ಡಬ್ಬಿಯ ಹೊಟ್ಟೆಗೆ ಮೊಳೆಯಿಂದ ದೊಡ್ಡ ತೂತು ಹೊಡೆದು, ಅದರ ಮೇಲೆ ತೆಳು ತಗಡಿನ ಚೂರು ಅಂಟಿಸಿ, ಆ ಚೂರಿಗೆ ಸೂಜಿಯ ಮೊನೆಯಿಂದ ನಿಜವಾದ ತೂತು ಮಾಡಬೇಕು. ಕೆಲಸವಿರುವುದೆಲ್ಲ ಇಲ್ಲಿಯೇ. ಸೂಜಿಯನ್ನು ಒತ್ತಬಾರದು, ತಿರುಗಿಸಬೇಕು. ಒಂದಿಷ್ಟು ತಿರುಗಿಸಿ, ಹಿಂದಿನ ಉಬ್ಬನ್ನು ಕಲ್ಲಿಗೆ ಉಜ್ಜಿ, ಮತ್ತೆ ತಿರುಗಿಸಿ, ಬೆಳಕಿಗೆ ಹಿಡಿದು ನೋಡಬೇಕು. ತೂತು ಗುಂಡಗಾಗುವವರೆಗೆ ತಾಳ್ಮೆ ಬೇಕು. ನೀಲಾ ಒಂದು ಮಧ್ಯಾಹ್ನವೆಲ್ಲ ಬೆಳಕಿಂಡಿಯ ಕೆಳಗೆ ಕುಳಿತು, ನಾಲಗೆ ಹಲ್ಲಿನ ನಡುವೆ ಕಚ್ಚಿಕೊಂಡು ತಿರುಗಿಸಿದಳು. ಅವಳಿಗಿಂತ ಮೊದಲು ಮುಗಿಸಬೇಕೆಂದು ನಾನು ಒತ್ತಿದೆ. ನನ್ನ ತೂತು ಒಂದು ಕಡೆ ಹರಿಯಿತು. ಯಾರಿಗೂ ಕಾಣುವುದಿಲ್ಲವೆಂದು ಸುಮ್ಮನಿದ್ದೆ. ತೂತಿನ ಮೇಲೆ ಮುಚ್ಚಳವಾಗಿ ಅಪ್ಪನ ದವಾಖಾನೆಯ ಅಂಟುಪಟ್ಟಿಯ ಕೆಳಗೆ ಕಪ್ಪು ಕಾಗದ ಅಂಟಿಸಿದೆವು.

ಬಚ್ಚಲೇ ನಮ್ಮ ಕತ್ತಲೆಕೋಣೆ. ಬಾಗಿಲಿಗೆ ಕಂಬಳಿ ಹೊದಿಸಿ, ಬಲ್ಬಿಗೆ ಕೆಂಪು ಅರಿವೆ ಎರಡು ಸುತ್ತು ಸುತ್ತಿ, ನೀರಿನ ಹಂಡೆಯ ಪಕ್ಕ ಮೂರು ತಾಟು ಇಡುತ್ತಿದ್ದೆವು. ಒಂದರಲ್ಲಿ ಚಿತ್ರ ಮೂಡಿಸುವ ಔಷಧ, ಇನ್ನೊಂದರಲ್ಲಿ ಬರೀ ನೀರು, ಮೂರನೆಯದರಲ್ಲಿ ಮೂಡಿದ್ದು ಅಳಿಯದಂತೆ ನಿಲ್ಲಿಸುವ ಹೈಪೋ. ಪುಡಿಯನ್ನೂ ಫೋಟೊ ಕಾಗದವನ್ನೂ ಸರ್ ಯಾದಗಿರಿಯ ಒಂದು ಸ್ಟುಡಿಯೋದಿಂದ ತರುತ್ತಿದ್ದರು. ಹಳತಾಗಿ ಸ್ಟುಡಿಯೋದವರು ಬಿಸಾಡುವ ಕಾಗದ. ಮೊದಲು ಮೂಡುವುದು ಉಲ್ಟಾ ಚಿತ್ರ: ಬೆಳ್ಳಗಿದ್ದದ್ದು ಕಪ್ಪು, ಕಪ್ಪಗಿದ್ದದ್ದು ಬಿಳಿ. ಅದನ್ನು ಒಣಗಿಸಿ, ಇನ್ನೊಂದು ಕಾಗದದ ಮೇಲೆ ಬೋರಲು ಹಾಕಿ, ಗಾಜು ಹೇರಿ, ಅರೆಗಳಿಗೆ ದೀಪ ತೋರಿಸಿ, ಮತ್ತೆ ಅವೇ ತಾಟುಗಳಲ್ಲಿ ಅದ್ದಿದರೆ ಖರೇ ಚಿತ್ರ ಬರುತ್ತದೆ. ನೀಲಾನ ಮೊದಲ ಚಿತ್ರ ಅಪ್ಪನ ಸೈಕಲ್ಲಿನದು. ಚಕ್ರದ ಕಡ್ಡಿಗಳನ್ನು ಎಣಿಸಬಹುದಾಗಿತ್ತು. ನನ್ನ ಮೊದಲ ಚಿತ್ರವೂ ಸೈಕಲ್ಲಿನದೇ, ಆದರೆ ಅದು ಮಂಜಿನಲ್ಲಿ ನಿಂತ ಎಮ್ಮೆಯ ಹಾಗಿತ್ತು. ಸರ್ ನನ್ನ ಡಬ್ಬಿಯನ್ನು ಬೆಳಕಿಗೆ ಹಿಡಿದು ನೋಡಿ, ತೂತು ಹರಿದಿದೆ, ಹೊಸ ತಗಡು ಹಚ್ಚು ಎಂದರು. ನಾನು ಹಚ್ಚಲಿಲ್ಲ. ಹಚ್ಚಿದರೆ ನೀಲಾ ಗೆದ್ದಳೆಂದು ಒಪ್ಪಿದಂತೆ ಎಂದು ನನಗನಿಸಿತು.

ಅಪ್ಪ ಆ ಸೈಕಲ್ಲಿನ ಚಿತ್ರವನ್ನು ಅಂಗಿಯ ಕಿಸೆಯಲ್ಲಿಟ್ಟುಕೊಂಡು ದವಾಖಾನೆಗೆ ಒಯ್ದ. ಎತ್ತಿನ ಕಾಲಿಗೆ ಔಷಧ ಹಚ್ಚಿಸಲು ಬಂದ ರೈತರಿಗೆಲ್ಲ ತೋರಿಸಿದನಂತೆ. ಸಂಜೆ ಊಟಕ್ಕೆ ಕುಳಿತವನು, ಅವ್ವನ ಪಾಳಿಯ ದಿನವೇ, ಹೇಳಿದ:

“ನಮ್ಮ ನೀಲಾನ ಕೈ ಭಾಳ ನಾಜೂಕು. ಇಷ್ಟು ಸಣ್ಣ ವಯಸ್ಸಿಗೆ ಹಿಂತಾ ಕೆಲಸ ಯಾರೂ ಮಾಡಂಗಿಲ್ಲ.”

ಅವ್ವ ರೊಟ್ಟಿಯನ್ನು ಅವನ ತಾಟಿಗೆ ಹಾಕದೆ ಪಕ್ಕದಲ್ಲಿಟ್ಟಳು. ಅವನು ಹೋದ ಮೇಲೆ ನನ್ನ ಕಡೆ ತಿರುಗಿದಳು.

“ನಿನಗ ಒಂದ್ ತೂತು ಮಾಡಾಕ ಬರಂಗಿಲ್ಲೇನ?”

ಆ ಮಾತು ಒಳಗೆ ಹೊಕ್ಕು ಕುಳಿತುಬಿಟ್ಟಿತು. ಅಲ್ಲಿಯವರೆಗೆ ನಾನು ಅವ್ವನ ಪರವಾಗಿ ಚಿಗವ್ವನ ಮೇಲೆ ಹೊಟ್ಟೆಕಿಚ್ಚು ಪಡುತ್ತಿದ್ದೆ. ಈಗ ನನಗೇ ನನ್ನದೊಂದು ಸಿಕ್ಕಿತು. ನೀಲಾ ಮಲಗಿದಾಗ ಅವಳ ಬೆರಳುಗಳನ್ನು ನೋಡುತ್ತಿದ್ದೆ. ನನ್ನ ಬೆರಳಿಗೂ ಅವಕ್ಕೂ ಏನು ಫರಕು ಎಂದು ಗೊತ್ತಾಗುತ್ತಿರಲಿಲ್ಲ.

ಮಾಘ ಮುಗಿಯುವ ಹೊತ್ತಿಗೆ ಸರ್‌ಗೆ ಅವರ ಊರಿನ ಕಡೆಗೆ ವರ್ಗವಾಯಿತು. ಹೋಗುವ ಮುಂಚೆ ಮನೆಗೆ ಬಂದು ಉಳಿದಿದ್ದ ಔಷಧದ ಪುಡಿ ಮತ್ತು ಕಪ್ಪು ಕಾಗದದಲ್ಲಿ ಸುತ್ತಿದ ಎರಡು ಹಾಳೆ ಕೊಟ್ಟರು. ಎರಡೇ: ಒಂದು ಡಬ್ಬಿಯೊಳಗೆ ಹಾಕುವುದಕ್ಕೆ, ಒಂದು ಅಚ್ಚು ತೆಗೆಯುವುದಕ್ಕೆ. ಅಪ್ಪ ಬಹಳ ದಿನ ಯೋಚಿಸಿ, ಉಗಾದಿಯ ದಿನ ಮನೆಯವರ ಫೋಟೊ ತೆಗೆಸುವುದೆಂದು ತೀರ್ಮಾನಿಸಿದ. ನಮ್ಮ ಮನೆಯಲ್ಲಿ ಅಲ್ಲಿಯವರೆಗೆ ಮನೆಯವರದೊಂದೂ ಫೋಟೊ ಇರಲಿಲ್ಲ. ಅವ್ವನನ್ನು ಸ್ಟುಡಿಯೋಕ್ಕೆ ಕರೆದೊಯ್ದರೆ ಚಿಗವ್ವನನ್ನೂ ಒಯ್ಯಬೇಕು, ಇಬ್ಬರನ್ನೂ ಒಟ್ಟಿಗೆ ಒಯ್ದರೆ ಊರು ನೋಡುತ್ತದೆ. ಹೀಗಾಗಿ ಅಪ್ಪ ಸ್ಟುಡಿಯೋದ ಮೆಟ್ಟಿಲನ್ನೇ ಹತ್ತಿರಲಿಲ್ಲ. ಅಂಗಳದಲ್ಲಾದರೆ ನೋಡುವವರು ಯಾರು? ಹಬ್ಬಕ್ಕೆ ಇಬ್ಬರಿಗೂ ಒಂದೇ ಬಣ್ಣದ, ಒಂದೇ ಅಂಚಿನ ಇಳಕಲ್ ಸೀರೆ ತಂದ. ಜಗಳ ಆಗದಿರಲೆಂದು ತಂದದ್ದು. ಒಂದೇ ನಮೂನೆ ತಂದದ್ದಕ್ಕೇ ಜಗಳವಾಯಿತು. ಆಮೇಲೆ ಯಾರು ಬಲಕ್ಕೆ, ಯಾರು ಎಡಕ್ಕೆ ಎಂದು ಎರಡು ದಿನ ಮಾತು ನಡೆಯಿತು. ಅವ್ವ ಬಲಕ್ಕೆಂದು ಅಪ್ಪ ಹೇಳಿದ.

“ಮತ್ತ ಯಾರ ಡಬ್ಬಿಲೆ ತಗೀಬೇಕು?” ಎಂದು ನಾನು ಕೇಳಿದೆ.

“ನೀಲಾನ ಡಬ್ಬಿಲೇ ತಗೀಲಿ,” ಅಂದ ಅಪ್ಪ. “ಡಬ್ಬಿಗಿ ಹಾಕಾಕ ಇರೋದು ಒಂದ ಹಾಳಿ, ಶರಣಿ. ನಿನ್ನ ಡಬ್ಬಿ ಮಸಕ ತಗೀತದ.”

ಉಗಾದಿಯ ಬೆಳಿಗ್ಗೆ ಬೇವು ಕುಡಿದು, ಬಿಸಿಲು ಅಂಗಳದ ಸುಣ್ಣದ ಗೋಡೆಗೆ ನೇರ ಬೀಳುವ ಹೊತ್ತಿಗೆ ನಡುವೆ ಅಪ್ಪನ ಕುರ್ಚಿ, ಎಡಬಲಕ್ಕೆ ಎರಡು ಸ್ಟೂಲು ಹಾಕಿದರು. ನೀಲಾ ಡಬ್ಬಿಯನ್ನು ಬೋರಲು ಹಾಕಿದ ಬುಟ್ಟಿಯ ಮೇಲಿಟ್ಟು, ಅಲುಗಬಾರದೆಂದು ಮೇಲೊಂದು ಕಲ್ಲು ಹೇರಿದಳು. ನೂರಿಪ್ಪತ್ತು ಎಣಿಸುವ ತನಕ ಯಾರೂ ಅಲುಗಾಡಬಾರದು. ಅಲುಗಾಡಿದರೆ ಮಸುಕಾಗುತ್ತೀರಿ, ಎದ್ದು ಹೋದರೆ ಬರುವುದೇ ಇಲ್ಲ ಎಂದು ಸರ್ ಹೇಳುತ್ತಿದ್ದ ಹಾಗೆಯೇ ಹೇಳಿದಳು. ಫೋಟೊದಲ್ಲಿ ನನಗೆ ಜಾಗ ಇರಲಿಲ್ಲ. ಅಪ್ಪ ಕರೆದಿದ್ದ, ನಾನೇ ಒಲ್ಲೆ ಅಂದಿದ್ದೆ. ನೀಲಾನ ಡಬ್ಬಿಯ ಎದುರು ನಾನು ಕೂರುವುದೆಂದರೇನು? ಹೂರಣ ತಳ ಹತ್ತದಂತೆ ನೋಡುತ್ತೇನೆಂದು ಅವ್ವನ ಅಡುಗೆಮನೆಗೆ ಹೋಗಿ, ಕಿಟಕಿಯಲ್ಲಿ ನಿಂತೆ. ಅಲ್ಲಿಂದ ಮೂವರೂ ಪಕ್ಕದಿಂದ ಕಾಣುತ್ತಿದ್ದರು.

ನೀಲಾ ಪಟ್ಟಿ ಕಿತ್ತು ಎಣಿಸತೊಡಗಿದಳು. ಅವ್ವ ಕಲ್ಲಿನ ಹಾಗೆ ಕುಳಿತಿದ್ದಳು. ಮೂಗುತಿ ಕೂಡ ಮಿಂಚುತ್ತಿರಲಿಲ್ಲ. ಅಷ್ಟು ವರ್ಷದ ಮೇಲೆ ಗಂಡನ ಬಲಕ್ಕೆ ಕೂರುವುದು ಸಿಕ್ಕಿತ್ತು ಆಕೆಗೆ. ಇಪ್ಪತ್ತೈದೋ ಮೂವತ್ತೋ ಆಗಿರಬೇಕು, ಅಪ್ಪ ತುಟಿ ಅಲುಗಿಸದೆ ಏನೋ ಅಂದ. ಚಿಗವ್ವನ ಭುಜ ನಗು ತಡೆಯುವುದಕ್ಕೆ ಬಿಗಿಯಾದದ್ದು ನನಗೆ ಕಂಡಿತು. ಅವನು ಅಂದದ್ದು ಆ ಕಡೆಗೇ, ಎಡಕ್ಕೇ. ಈ ಫೋಟೊ ಗೋಡೆಗೆ ಬರುತ್ತದೆ, ನೀಲಾ ತೆಗೆದದ್ದೆಂದು ಬಂದವರಿಗೆಲ್ಲ ಅಪ್ಪ ತೋರಿಸುತ್ತಾನೆ, ಅದರಲ್ಲಿ ಚಿಗವ್ವ ಹೀಗೆ ಒಳಗೊಳಗೇ ನಗುತ್ತ ಅಪ್ಪನ ಪಕ್ಕ ಯಾವಾಗಲೂ ಕುಳಿತಿರುತ್ತಾಳೆ ಅನಿಸಿತು. ಎದ್ದು ಹೋದರೆ ಬರುವುದೇ ಇಲ್ಲ ಎಂಬ ಮಾತು ತಲೆಯಲ್ಲಿತ್ತು. ಯೋಚಿಸಿದೆನೆಂದು ಹೇಳಲಾರೆ. ಬಾಯಿ ತೆರೆದೆ, ಕೂಗು ಬಂತು.

“ಚಿಗವ್ವಾ! ಚೇಳು, ಚಿಗವ್ವಾ! ಕಾಲಿಗಿ ಕಡೀತು!”

ಗುಡ್ಡದ ಬುಡದ ಮನೆ. ಕಟ್ಟಿಗೆಯ ಒಟ್ಟಿಲಲ್ಲಿ ಚೇಳು ಇರುವುದು ಸುಳ್ಳಲ್ಲ. ಹಿಂದಿನ ವರ್ಷವೇ ಓಣಿಯ ಒಂದು ಕೂಸು ಚೇಳು ಕಡಿದು ತೀರಿಕೊಂಡಿತ್ತು. ಕಾಲು ಹಿಡಿದು ಕಿಟಕಿಯ ಕೆಳಗೆ ಕುಕ್ಕರಿಸಿದ್ದರಿಂದ ಚಿಗವ್ವ ಬಂದದ್ದು ನನಗೆ ಕಾಣಲಿಲ್ಲ, ಕೇಳಿಸಿತು: ಸ್ಟೂಲು ಉರುಳಿತು, ಕಾಲು ಸಪ್ಪಳ, ಪಡಸಾಲೆಯಲ್ಲಿ ಯಾವುದೋ ತಂಬಿಗೆ ಬಿದ್ದು ಹೊರಳಿತು. ಆಕೆ ಅವ್ವನ ಅಡುಗೆಮನೆಯ ಹೊಸ್ತಿಲನ್ನು ನೋಡದೆ ದಾಟಿ ಒಳಗೆ ಬಂದು ನನ್ನನ್ನು ಎತ್ತಿ ಕಟ್ಟೆಯ ಮೇಲೆ ಕೂರಿಸಿದಳು.

“ಎಲ್ಲಿ? ಯಾವ ಕಾಲು? ತೋರ್ಸು ನನ ಕೂಸ, ಅಳಬ್ಯಾಡ.”

ನಾನು ಒಂದು ಕಾಲು ಚಾಚಿದೆ. ಹೊಸ ಸೀರೆಯ ಸೆರಗಿನ ಅಂಚನ್ನು ಹಲ್ಲಿನಿಂದ ಹರಿದು ಆಕೆ ನನ್ನ ಮೀನಗಂಡದ ಕೆಳಗೆ ಬಿಗಿದು ಕಟ್ಟಿದಳು. ಬೆರಳು, ಸಂದು, ಹಿಮ್ಮಡಿ, ಎಲ್ಲ ಹಿಂಡಿ ಹಿಂಡಿ ನೋಡಿದಳು. ಪಾದವನ್ನು ಕಿಟಕಿಯ ಬೆಳಕಿಗೆ ತಿರುಗಿಸಿದಳು. ಎಲ್ಲಿಯೂ ಗುರುತಿಲ್ಲ. ಆಗ ಆಕೆಯ ಕೈ ನಿಂತಿತು. ಹೊರಗಿನಿಂದ ನೀಲಾನ ದನಿ ಬರುತ್ತಿತ್ತು. ಅಳು ಬೆರೆತಿತ್ತು, ಆದರೂ ಎಣಿಕೆ ಬಿಟ್ಟಿರಲಿಲ್ಲ.

“ತೊಂಬತ್ತೊಂದು... ತೊಂಬತ್ತೆರಡು...”

ಚಿಗವ್ವ ಆ ದನಿ ಕೇಳಿದಳು. ಕಿಟಕಿಯನ್ನು ನೋಡಿದಳು, ಅಲ್ಲಿಂದ ಕಾಣುವ ಅಂಗಳವನ್ನು ನೋಡಿದಳು, ಆಮೇಲೆ ನನ್ನ ಮುಖವನ್ನು ನೋಡಿದಳು. ನಾನು ಕಣ್ಣು ಕೆಳಗೆ ಹಾಕಿದೆ. ಬೈಯುತ್ತಾಳೆಂದು, ಕೆನ್ನೆಗೆ ಹೊಡೆಯುತ್ತಾಳೆಂದು ಕಾದೆ. ಆಕೆ ಎದ್ದು ಬುಟ್ಟಿಯಿಂದ ಒಂದು ಉಳ್ಳಾಗಡ್ಡಿ ತೆಗೆದು, ಹೆಚ್ಚಿ, ನನ್ನ ಪಾದಕ್ಕೆ ನಿಧಾನವಾಗಿ ತಿಕ್ಕತೊಡಗಿದಳು. ಹೊರಗೆ ಎಣಿಕೆ ಮುಗಿಯುವವರೆಗೂ ತಿಕ್ಕಿದಳು. ನೂರಿಪ್ಪತ್ತಾದ ಮೇಲೆ ಅಪ್ಪ, ಅವನ ಹಿಂದೆ ಅವ್ವ ಬಂದರು.

“ಚೇಳಿತ್ತರಿ,” ಅಂದಳು ಚಿಗವ್ವ. “ಕಟಗಿ ಸಂದ್ಯಾಗ ಹೋತು. ಕಡದಿಲ್ಲ, ಅಂಜ್ಯಾಳ ಅಷ್ಟ.”

ಅವ್ವ ನನ್ನ ಹತ್ತಿರ ಬರಲಿಲ್ಲ. ಹೂರಣದ ಪಾತ್ರೆಯನ್ನು ಇಳಿಸಿ, ತಳ ಹತ್ತಿದೆ ಎಂದು ಮಾತ್ರ ಅಂದಳು.

ಮಧ್ಯಾಹ್ನ ಬಚ್ಚಲಲ್ಲಿ ನೀಲಾ ಮತ್ತು ನಾನು ಇಬ್ಬರೇ. ಕೆಂಪು ಬೆಳಕಿನಲ್ಲಿ ತಾಟನ್ನು ಅಲುಗಿಸುತ್ತ ಅವಳು ಬಗ್ಗಿದ್ದಳು. ಮೊದಲು ಗೋಡೆ ಕಪ್ಪಗೆ ಮೂಡಿತು. ಆಮೇಲೆ ಅವ್ವ: ಬಿಳಿ ಕೂದಲು, ಕಪ್ಪು ಮುಖ, ಅಂಚಿನ ಗೆರೆಯೂ ಬಿಟ್ಟಿಲ್ಲ. ಅಪ್ಪ ಮೂಡಿದ, ಅವನ ಭುಜ ಮತ್ತು ತಲೆ ಎರಡೆರಡಾಗಿದ್ದವು. ಎಡಗಡೆ ಕಾದೆವು. ನೀಲಾ ತಾಟನ್ನು ಅಲುಗಿಸುತ್ತಲೇ ಇದ್ದಳು. ಹೊಗೆಯಂಥದೊಂದು ಬಂದು ನಿಂತಿತು, ಅದಕ್ಕಿಂತ ಹೆಚ್ಚು ಬರಲಿಲ್ಲ.

“ನಮ್ಮವ್ವ ಬರವಲ್ಲಳಲ್ಲ ಅಕ್ಕಾ,” ಅಂದು ಅವಳು ಅತ್ತಳು.

ಮುಚ್ಚಿಡುವುದಿಲ್ಲ. ಮೊದಲು ನನಗೆ ಖುಷಿಯಾಯಿತು. ಹಾರಿ ಕುಣಿಯುವಷ್ಟು ಖುಷಿ. ಅಚ್ಚು ತೆಗೆದು ಬೆಳಕಿಗೆ ತಂದು ನೋಡಿದಾಗ ಅದು ಇಳಿಯಿತು. ಚಿಗವ್ವನ ಎದೆಯ ಜಾಗದಲ್ಲಿ ಗೋಡೆಯ ಗೂಟಕ್ಕೆ ನೇತುಹಾಕಿದ್ದ ಜರಡಿ ಕಾಣುತ್ತಿತ್ತು. ಅಂಥ ಹೊಗೆಯಾಗಿದ್ದ ಹೊತ್ತಿನಲ್ಲೇ ಆಕೆ ನನ್ನ ಕಾಲು ಹಿಡಿದುಕೊಂಡಿದ್ದಳು. ಪಕ್ಕದಲ್ಲಿ ನಮ್ಮವ್ವ, ನೂರಿಪ್ಪತ್ತು ಎಣಿಕೆಯಲ್ಲಿ ಒಂದನ್ನೂ ಬಿಡದೆ ಕುಳಿತವಳು, ಗೆರೆ ಕೊರೆದ ಹಾಗೆ ಸ್ವಚ್ಛವಾಗಿದ್ದಳು. ಮಗಳಿಗೆ ಚೇಳು ಕಡಿಯಿತೆಂದು ಕೇಳಿಯೂ ಅವ್ವ ಎದ್ದಿರಲಿಲ್ಲ. ಅದಕ್ಕೆ ಸಾಕ್ಷಿ ಕಾಗದದ ಮೇಲೆ ಬಿದ್ದಿತ್ತು.

ಅವ್ವ ಆ ಫೋಟೊಕ್ಕೆ ಚೌಕಟ್ಟು ಹಾಕಿಸಿ ಪಡಸಾಲೆಯಲ್ಲಿ ತನ್ನ ಕಡೆಯ ಗೋಡೆಗೆ ತೂಗುಹಾಕಿದಳು. ಡಬ್ಬಿಯ ಚಿತ್ರವಾದ್ದರಿಂದ ಗೋಡೆ ಬಾಗಿ, ಮೂವರೂ ಒಂದು ಗುಡಾಣದೊಳಗೆ ಕುಳಿತ ಹಾಗೆ ಕಾಣುತ್ತಿತ್ತು. ಬಂದವರು, ಇದ್ಯಾರು ಹೊಗಿಹೊಗಿ ಆಗಿ ಕುಂತಾರ ಎಂದು ಕೇಳಿದರೆ ಅವ್ವ, ನೆರಳು ಬಿದ್ದದ ಅನ್ನುತ್ತಿದ್ದಳು. ಚಿಗವ್ವ ನೀರಿನ ಕೊಡ ಹೊತ್ತು ಅದರ ಕೆಳಗೇ ದಿನಾ ಓಡಾಡುತ್ತಿದ್ದಳು. ತಲೆಯೆತ್ತಿ ನೋಡಿದ್ದನ್ನು ನಾನು ಕಾಣಲಿಲ್ಲ. ನನ್ನ ಕೈಗೆ ಬೆಲ್ಲ ಶೇಂಗಾ ಹಾಕುವುದನ್ನೂ ಬಿಡಲಿಲ್ಲ. ಆದರೆ ನನಗೆ ಅದನ್ನು ನುಂಗಲು ಆಗುತ್ತಿರಲಿಲ್ಲ. ಆ ಉಗಾದಿಯಿಂದ ನನ್ನ ಹೊಟ್ಟೆಕಿಚ್ಚಿನ ದಿಕ್ಕು ಬದಲಾಯಿತು. ನೀಲಾನ ಕೈಯ ನಾಜೂಕು, ಅಪ್ಪನ ಹೊಗಳಿಕೆ, ಇವುಗಳ ಮೇಲೆ ಅಲ್ಲ. ಕೂಗಿದರೆ ಎದ್ದು ಬರುವ ತಾಯಿ ಅವಳಿಗಿದ್ದಾಳೆ ಎಂಬುದರ ಮೇಲೆ. ಅವಳು ಜ್ವರದಲ್ಲಿ ಮಲಗಿ ಚಿಗವ್ವ ಹಣೆಗೆ ಕೈಯಿಟ್ಟರೆ ನನಗೆ ಜ್ವರ ಬಂದ ಹಾಗಾಗುತ್ತಿತ್ತು. ಅವ್ವ ನನಗೆ ತಲೆ ಬಾಚುವಾಗ ನಾನು ಬೆನ್ನು ಸೆಟೆಸಿ ಕೂರುತ್ತಿದ್ದೆ. ಆಕೆ ಯಾಕೆಂದು ಕೇಳಲಿಲ್ಲ, ನಾನು ಹೇಳಲಿಲ್ಲ. ನಮ್ಮಿಬ್ಬರ ನಡುವೆ ಎಷ್ಟೋ ವರ್ಷ ಹೀಗೇ ಹೋದವು.

ನಾನು ವಿಜ್ಞಾನದ ಟೀಚರ್ ಆಗಿ ಹುಣಸಗಿಯಲ್ಲಿ ಉಳಿದೆ. ನೀಲಾ ಮದುವೆಯಾಗಿ ಸುರಪುರಕ್ಕೆ, ಅಂದರೆ ಚಿಗವ್ವನ ತವರೂರಿಗೇ, ಹೋದಳು. ಅಪ್ಪ ತೀರಿಕೊಂಡ ಮೇಲೆ ಅವ್ವ ನನ್ನ ಜೊತೆ ಬಂದಳು, ಚಿಗವ್ವ ನೀಲಾನ ಮನೆ ಸೇರಿದಳು. ಎರಡು ಊರಿನ ನಡುವೆ ದಿನವಿಡೀ ಬಸ್ಸಿದ್ದರೂ ಅವರಿಬ್ಬರು ಮದುವೆ ಮುಂಜಿಗಳಲ್ಲಿ ಬಿಟ್ಟರೆ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ನಾನು ಪ್ರತಿವರ್ಷ ಶಾಲೆಯ ಮಕ್ಕಳಿಗೆ ಡಬ್ಬಿ ಕ್ಯಾಮೆರಾ ಮಾಡಿಸುತ್ತಿದ್ದೆ. ಸೂಜಿಯನ್ನು ಒತ್ತಬೇಡಿರಿ, ತಿರುಗಿಸಿರಿ ಎಂದು ಹೇಳುತ್ತಿದ್ದೆ. ನಿವೃತ್ತಿಯ ವರ್ಷ ಮಕ್ಕಳ ಚಿತ್ರಗಳನ್ನು ಒಣಗಲೆಂದು ಮನೆಗೆ ತಂದು ಹೊರಸಿನ ಮೇಲೆ ಹರವಿದ್ದೆ. ಅವ್ವ ಬಂದು ಒಂದನ್ನು ಎತ್ತಿಕೊಂಡಳು. ನಾಲ್ಕು ಹುಡುಗಿಯರು ಸಾಲಾಗಿ ನಿಂತದ್ದು, ಒಬ್ಬಳು ಮಸುಕು.

“ಈ ಹುಡುಗಿ ನಡುವ ಎದ್ದು ಹೋಗ್ಯಾಳ ನೋಡು,” ಅಂದಳು.

ಹೌದೆಂದೆ. ಆಕೆಯ ಮುಖ ನೋಡದೆ ಹೇಳಿದೆ:

“ಅವ್ವಾ, ಅವತ್ತು ಚೇಳಿರಲಿಲ್ಲ.”

ಯಾವತ್ತು ಎಂದು ಆಕೆ ಕೇಳಲಿಲ್ಲ.

“ಮತ್ತ್ಯಾಕ ಚೀರಿದಿ?”

“ಚಿಗವ್ವ ಏಳ್ಲಿ ಅಂತ. ಫೋಟೋದಾಗ ಬರಬಾರದು ಅಂತ.”

ಅವ್ವ ಹೊರಸಿನ ತುದಿಗೆ ಕುಳಿತಳು. ಕೈಯಲ್ಲಿದ್ದ ಚಿತ್ರವನ್ನು ಅದರ ಜಾಗದಲ್ಲೇ ಸರಿಯಾಗಿ ಇಟ್ಟಳು.

“ನಿಮ್ಮಪ್ಪ ಏಳಾಕ ಹೋಗಿದ್ರು,” ಅಂದಳು. “ಅರ್ಧಾ ಎದ್ದಿದ್ರು. ನಾನ ಕೈ ಹಿಡದು ಕುಂದರಿಸಿದೆ. ಚೇಳು ಕಡದ್ರ ಕೂಸು ಅವ್ವಾ ಅಂತ ಚೀರ್ತದ, ಶರಣಿ. ನೀ ಚಿಗವ್ವಾ ಅಂದಿ. ನನಗ ಎದಿ ಒಡದಂಗಾತು. ಯಾರನ್ನ ಕರದಾಳ ಆಕಿನ ಹೋಗ್ಲಿ ಅಂತ ಕುಂತೆ. ಇಷ್ಟು ವರ್ಷ ನೀ ನನಗಿಂತ ಆಕಿನ್ನ ಹಚ್ಗೊಂಡಿ ಅಂತನ ತಿಳದಿದ್ದೆ.”

ಅದು ಆಮೇಲೆ ನಿಜವಾಯಿತವ್ವ ಎಂದು ಹೇಳುವ ಧೈರ್ಯ ನನಗಾಗಲಿಲ್ಲ. ಮರುದಿನ ಬೆಳಿಗ್ಗೆ ಆಕೆ ಜಳಕ ಮಾಡಿ, ಇಸ್ತ್ರಿ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದಳು.

“ಸುರಪುರ ಬಸ್ಸು ಎಷ್ಟೊತ್ತಿಗದ?”

ನಾವು ಹೋದಾಗ ಚಿಗವ್ವ ನೀಲಾನ ಮನೆಯ ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತಿದ್ದಳು. ಎತ್ತರದ ಆಕೆ ಬಾಗಿಹೋಗಿದ್ದಳು. ಅವ್ವ ನೀರನ್ನೂ ಕೇಳಲಿಲ್ಲ, ಕೂರಲೂ ಇಲ್ಲ.

“ಅವತ್ತು ಚೇಳಿರಲಿಲ್ಲಂತ. ಈಗ ಹೇಳಾಕತ್ತಾಳ ನೋಡು ಇಕಿ.”

“ಗೊತ್ತಿತ್ತಕ್ಕಾ.”

“ಗೊತ್ತಿತ್ತ? ಗೊತ್ತಿದ್ದು ಯಾಕ ಹೇಳಲಿಲ್ಲ? ನಾ ಇಷ್ಟು ವರ್ಷ ಒಳಗ ಬೆಂಕಿ ಇಟ್ಗೊಂಡು ಕುಂತೇನಿ!”

ಚಿಗವ್ವ ಕೈಯಲ್ಲಿದ್ದ ಕಾಯನ್ನು ಒಡೆದು, ಬೀಜವನ್ನು ಬುಟ್ಟಿಗೆ ಹಾಕಿದಳು.

“ಹೇಳಿದ್ರ ಆಕಿ ನನ್ನ ಚಿಗವ್ವಾ ಅಂತ ಕರದದ್ದೂ ಸುಳ್ಳಾಗ್ತಿತ್ತಲ್ಲಕ್ಕಾ. ಅದೊಂದು ನನಗಿರ್ಲಿ ಅಂತ ಇಟ್ಗೊಂಡೆ.”

ಅವ್ವ ಚಪ್ಪಲಿ ಬಿಟ್ಟು ಕಟ್ಟೆ ಹತ್ತಿ, ಬುಟ್ಟಿಯ ಆಚೆ ಬದಿಗೆ ಕುಳಿತು ಒಂದು ಮುಷ್ಟಿ ಕಾಯಿ ತೆಗೆದುಕೊಂಡಳು. ಒಳಗಿನಿಂದ ಬಂದ ನೀಲಾ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಅಂಗನವಾಡಿ ಟೀಚರ್, ಮೊಮ್ಮಗಳನ್ನು ಕಂಡವಳು, ಸೊಂಟಕ್ಕೆ ಕೈಯಿಟ್ಟು ನನ್ನ ಎದುರು ನಿಂತಳು.

“ನನ್ನ ಫೋಟೋ ಕೆಡಿಸಿದ್ದು ನೀನ ಏನಕ್ಕಾ? ಮೂರು ದಿನ ಅತ್ತೇನಿ ನಾ!”

ಅವಳು ನನ್ನ ಬೆನ್ನಿಗೊಂದು ಗುದ್ದು ಹಾಕಿ, ಚಹಾ ಇಡುವುದಕ್ಕೆ ಹೋದಳು. ಕಟ್ಟೆಯ ಮೇಲೆ ಮಾತು ಅಪ್ಪನ ಮೇಲೆ ಹೋಗಿತ್ತು.

“ಅರ್ಧಾ ಎದ್ದು ಅರ್ಧಾ ಕುಂತ್ರು,” ಅವ್ವ ಹೇಳುತ್ತಿದ್ದಳು. “ಬದುಕಿದ್ದಷ್ಟು ದಿನ ಅದನ್ನ ಮಾಡಿದ್ರಲ್ಲ.”

“ಹೌದಕ್ಕಾ,” ಎಂದು ಚಿಗವ್ವ ನಗುವುದಕ್ಕೆ ಶುರುಮಾಡಿದಳು. ಅವ್ವನೂ ನಕ್ಕಳು. ಇಬ್ಬರಿಗೂ ಕಣ್ಣಲ್ಲಿ ನೀರು ಬರುವಷ್ಟು ನಗು. ಫೋಟೊ ತೆಗೆಯುವಾಗ ಅಪ್ಪ ತುಟಿ ಅಲುಗಿಸದೆ ಏನಂದ ಎಂದು ಅವ್ವ ಕೇಳಿದಳು. ಚಿಗವ್ವ ಬಗ್ಗಿ ಆಕೆಯ ಕಿವಿಯಲ್ಲಿ ಹೇಳಿದಳು. ನಾನು ಚಹಾದ ಕಪ್ಪು ಹಿಡಿದು ಹತ್ತಿರ ಹೋದೆ. ಇಬ್ಬರೂ ಮಾತು ನಿಲ್ಲಿಸಿ ನನ್ನನ್ನು ನೋಡಿದರು, ಕಪ್ಪು ತೆಗೆದುಕೊಂಡರು, ನಾನು ತಿರುಗುವವರೆಗೆ ಕಾದರು.

ಸಂಜೆ ಬಸ್ಸಿನ ಹೊತ್ತಾದಾಗ ಅವ್ವ ಎರಡು ದಿನ ಬಿಟ್ಟು ಬರುತ್ತೇನೆಂದು ನನ್ನೊಬ್ಬಳನ್ನೇ ಕಳಿಸಿದಳು. ಎರಡು ದಿನ ವಾರವಾಯಿತು, ವಾರ ಹದಿನೈದು ದಿನವಾಯಿತು. ನಾನು ಮೂರು ಸಲ ಫೋನ್ ಮಾಡಿದೆ. ಮೂರು ಸಲವೂ ಎತ್ತಿದ್ದು ಚಿಗವ್ವ.

“ಅಕ್ಕ ಈಗರೆ ಉಂಡು ಮಲಗ್ಯಾಳ, ಶರಣಿ,” ಅಂದಳು. “ಎಬ್ಬಸಂಗಿಲ್ಲ. ನೀ ಆಮ್ಯಾಲ ಮಾಡು.”